ಲೆಕ್ಕ ಒಪ್ಪಿಸುವವರು, ಲೆಕ್ಕ ಕೇಳುವವರು

ಆಷಾಢ ಮಾಸದ ಹುಣ್ಣಿಮೆಯ ಹೊತ್ತಿಗೆ ರಾಜ್ಯದ ಎಲ್ಲ ಇಲಾಖೆಗಳ ಲೆಕ್ಕದವರೂ ತಮ್ಮ ಪುಸ್ತಕಗಳನ್ನು ತೆಗೆದುಕೊಂಡು ಅಕ್ಷಪಟಲಕ್ಕೆ, ಎಂದರೆ ರಾಜ್ಯದ ಲೆಕ್ಕದ ಕಚೇರಿಗೆ ಬರಬೇಕು. ಪುಸ್ತಕಗಳಿಗೆ ಮುದ್ರೆ ಬಿದ್ದಿರಬೇಕು. ಉಳಿಕೆ ಹಣವೂ ಜೊತೆಗೇ ಬರಬೇಕು. ಬಂದವರನ್ನು ಒಂದೇ ಕಡೆ ಇರಿಸಬೇಕು, ಆದರೆ ಅವರು ಒಬ್ಬರೊಡನೊಬ್ಬರು ಮಾತನಾಡದಂತೆ ನೋಡಿಕೊಳ್ಳಬೇಕು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ಏಳನೆಯ ಅಧ್ಯಾಯದಲ್ಲಿ ಈ ವಿಧಿ ಇದೆ.

ಇದನ್ನು ಮೊದಲ ಸಲ ಓದಿದಾಗ ನಾನು ಲೆಕ್ಕ ಪರಿಶೋಧನೆಯ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಗಿತ್ತು. ಪಂಚಾಯಿತಿಗಳ ಕ್ಯಾಶ್ ಬುಕ್ಕು, ವೋಚರು, ಅಳತೆ ಪುಸ್ತಕಗಳ ನಡುವೆಯೇ ಬದುಕು ಸಾಗುತ್ತಿದ್ದ ಕಾಲ ಅದು. ಎರಡು ಕಚೇರಿಗಳ ಲೆಕ್ಕವನ್ನು ತಾಳೆ ನೋಡುವಾಗ, ಆ ಎರಡೂ ಕಡೆಯವರು ಮೊದಲೇ ಕೂತು ಮಾತನಾಡಿಕೊಂಡಿದ್ದರೆ ಅಂಕಿಗಳು ಎಷ್ಟು ಸೊಗಸಾಗಿ ಹೊಂದಿಕೊಳ್ಳುತ್ತವೆ ಎಂಬುದನ್ನು ಅಷ್ಟರಲ್ಲಿ ನಾನು ಹಲವು ಬಾರಿ ಕಂಡಿದ್ದೆ. ಹೀಗಾಗಿ, ಮಾತನಾಡಲು ಬಿಡಬಾರದು ಎಂಬ ಆ ಒಂದು ಮಾತನ್ನು ಓದಿದೊಡನೆ ಪುಸ್ತಕವನ್ನು ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇದನ್ನು ಬರೆದವನು ಕಡತಗಳನ್ನು ಹತ್ತಿರದಿಂದ ಬಲ್ಲವನು ಎಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ.

ಪ್ರಾಚೀನ ರಾಜ್ಯಶಾಸ್ತ್ರದಿಂದ ಇಂದಿನ ಸಮಾಜಕ್ಕೆ ಏನು ಸಿಗುತ್ತದೆ ಎಂಬ ಪ್ರಶ್ನೆ ಬಂದಾಗಲೆಲ್ಲ ನಮ್ಮಲ್ಲಿ ಹೆಚ್ಚಾಗಿ ಕೇಳಿಬರುವುದು ಆದರ್ಶ ರಾಜನ ವರ್ಣನೆ. ಪ್ರಜೆಗಳ ಸುಖದಲ್ಲಿಯೇ ರಾಜನ ಸುಖವಿದೆ ಎಂಬ ಅರ್ಥಶಾಸ್ತ್ರದ ಶ್ಲೋಕವನ್ನು ಸಭೆ ಸಮಾರಂಭಗಳಲ್ಲಿ ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ಆ ಶ್ಲೋಕ ದೊಡ್ಡದೇ. ಆದರೆ ಒಳ್ಳೆಯ ರಾಜ ಹೇಗಿರಬೇಕು ಎಂದು ಹೇಳುವುದಕ್ಕಿಂತ ಕಷ್ಟದ ಪ್ರಶ್ನೆಯೊಂದಿದೆ: ಅಧಿಕಾರದಲ್ಲಿರುವವನು ಒಳ್ಳೆಯವನಲ್ಲದಿದ್ದರೆ ಏನು ಮಾಡಬೇಕು? ಪ್ರಾಚೀನರು ಈ ಪ್ರಶ್ನೆಯನ್ನು ಎದುರಿಸಿದ ಕಡೆಗಳಲ್ಲಿಯೇ ಅವರು ನಮಗೆ ಅತ್ಯಂತ ಹತ್ತಿರದವರಾಗುತ್ತಾರೆ ಎಂದು ನಾನು ನಂಬಿದ್ದೇನೆ. ಅವರು ಕಂಡುಕೊಂಡ ಉತ್ತರಗಳಲ್ಲಿ ಮುಖ್ಯವಾದದ್ದು ಲೆಕ್ಕ ಒಪ್ಪಿಸುವ ಕಟ್ಟಳೆ.

ಅರ್ಥಶಾಸ್ತ್ರ ಮತ್ತೆ ಬೆಳಕು ಕಂಡದ್ದು ಮೈಸೂರಿನಲ್ಲಿ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ, ಗ್ರಂಥಲಿಪಿಯಲ್ಲಿದ್ದ ಓಲೆಗರಿಯ ಕಟ್ಟನ್ನು 1905ರಲ್ಲಿ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಗುರುತಿಸಿದರು. 1909ರಲ್ಲಿ ಸಂಸ್ಕೃತ ಪಾಠ ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಹೊರಬಂತು. ಅಲ್ಲಿಯವರೆಗೆ ಕೌಟಿಲ್ಯನ ಹೆಸರೂ ಬೇರೆ ಗ್ರಂಥಗಳಲ್ಲಿನ ಅಲ್ಲೊಂದು ಇಲ್ಲೊಂದು ಉಲ್ಲೇಖಗಳೂ ತಿಳಿದಿದ್ದವೇ ಹೊರತು ಗ್ರಂಥವನ್ನು ಇಡಿಯಾಗಿ ಓದಿದವರಿರಲಿಲ್ಲ. ಇಂದು ಪ್ರಾಚ್ಯವಿದ್ಯಾ ಸಂಶೋಧನಾಲಯವೆಂದು ಕರೆಯುವ ಆ ಕಟ್ಟಡಕ್ಕೆ ನಾನು ಒಮ್ಮೆ ಹೋಗಿದ್ದೆ. ಓಲೆಗರಿಗಳಿಗೆ ಸವರುವ ಎಣ್ಣೆಯ ವಾಸನೆ ಬಾಗಿಲಿನಲ್ಲಿಯೇ ಮೂಗಿಗೆ ಬಡಿಯಿತು. ಒಂದು ಗೇಣಿಗಿಂತ ಸ್ವಲ್ಪ ಉದ್ದದ, ಎರಡು ಬೆರಳಿನಷ್ಟು ಅಗಲದ ಗರಿಯ ಮೇಲೆ ಸಾಸಿವೆ ಕಾಳಿನಂಥ ಅಕ್ಷರಗಳು. ಅಂಥ ಗರಿಗಳ ಮೇಲೆ ರಾಜ್ಯವೊಂದರ ಜಮಾ ಖರ್ಚಿನ ಕ್ರಮವೆಲ್ಲ ಶತಮಾನಗಳ ಕಾಲ ಕೈಯಿಂದ ಕೈಗೆ ಸಾಗಿ ಬಂದಿತ್ತು. ಗ್ರಂಥದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮೌರ್ಯರ ಕಾಲದ್ದೆಂದು ಕೆಲವರು, ಅದಕ್ಕಿಂತ ಈಚಿನದೆಂದು ಹಲವರು ವಾದಿಸುತ್ತಾರೆ. ನನ್ನ ಮಾತಿಗೆ ಅದರಿಂದ ಬಾಧೆಯಿಲ್ಲ.

ಎರಡನೆಯ ಅಧಿಕರಣದ ಏಳು, ಎಂಟು, ಒಂಬತ್ತನೆಯ ಅಧ್ಯಾಯಗಳನ್ನು ಲೆಕ್ಕದ ಕೆಲಸದಲ್ಲಿರುವ ಪ್ರತಿಯೊಬ್ಬರೂ ಓದಬೇಕು. ಲೆಕ್ಕದ ಕಚೇರಿ ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿರಬೇಕು, ಬರೆಯುವವರಿಗೆ ಬೇರೆ ಬೇರೆ ಜಾಗಗಳಿರಬೇಕು, ಪುಸ್ತಕಗಳನ್ನಿಡಲು ಸ್ಥಳವಿರಬೇಕು ಎಂಬಲ್ಲಿಂದ ವಿಷಯ ಆರಂಭವಾಗುತ್ತದೆ. ಆಯ, ವ್ಯಯ, ನೀವಿ ಎಂಬ ಮೂರು ಮಾತುಗಳ ಮೇಲೆ ಇಡೀ ಕಟ್ಟಡ ನಿಂತಿದೆ. ನೀವಿ ಎಂದರೆ ನಾವು ಇಂದಿಗೂ ಶಿಲ್ಕು ಎಂದು ಬರೆಯುವ ಉಳಿಕೆ. ಎಂಟನೆಯ ಅಧ್ಯಾಯದಲ್ಲಿ ಅಧಿಕಾರಿಗಳು ಸರ್ಕಾರದ ಹಣ ನುಂಗುವ ನಲವತ್ತು ದಾರಿಗಳ ಪಟ್ಟಿಯಿದೆ. ಮೊದಲು ಬಂದದ್ದನ್ನು ಆಮೇಲೆ ಬಂದಂತೆ ಬರೆಯುವುದು, ಬಂದದ್ದನ್ನು ಬಂದಿಲ್ಲವೆಂದು ಬರೆಯುವುದು, ಒಬ್ಬನಿಂದ ಬಂದದ್ದನ್ನು ಇನ್ನೊಬ್ಬನ ಹೆಸರಿನಲ್ಲಿ ತೋರಿಸುವುದು, ಅಳತೆಯನ್ನು ಬದಲಾಯಿಸುವುದು, ತೂಕವನ್ನು ಬದಲಾಯಿಸುವುದು. ನಾನು ಸೇವೆಯಲ್ಲಿದ್ದಷ್ಟು ಕಾಲ ಬರೆದ ಆಕ್ಷೇಪಣೆಯ ಪ್ಯಾರಾಗಳಲ್ಲಿ ಬಹುಪಾಲು ಈ ಪಟ್ಟಿಯ ಯಾವುದಾದರೊಂದು ಸಾಲಿನ ಕೆಳಗೆ ಬರುತ್ತಿದ್ದವು.

ನೀರಿನೊಳಗೆ ಓಡಾಡುವ ಮೀನು ಯಾವಾಗ ನೀರು ಕುಡಿಯಿತು ಎಂಬುದು ಹೇಗೆ ತಿಳಿಯುವುದಿಲ್ಲವೋ ಹಾಗೆಯೇ ಕೆಲಸದಲ್ಲಿರುವ ಅಧಿಕಾರಿ ಯಾವಾಗ ಹಣ ತೆಗೆದುಕೊಂಡ ಎಂಬುದು ತಿಳಿಯುವುದಿಲ್ಲ ಎಂಬ ಪ್ರಸಿದ್ಧ ಹೋಲಿಕೆ ಒಂಬತ್ತನೆಯ ಅಧ್ಯಾಯದಲ್ಲಿದೆ. ಅದನ್ನು ಉದ್ಧರಿಸುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತಾರೆ, ಭ್ರಷ್ಟಾಚಾರ ಆಗಲೂ ಇತ್ತು ಈಗಲೂ ಇದೆ ಎಂದು ಕೈಚೆಲ್ಲುವುದಕ್ಕೆ ಆ ಶ್ಲೋಕವನ್ನು ಬಳಸುತ್ತಾರೆ. ಇದು ನನಗೆ ನೋವುಂಟುಮಾಡುತ್ತದೆ, ಏಕೆಂದರೆ ಕೌಟಿಲ್ಯ ಕೈಚೆಲ್ಲಿದವನಲ್ಲ. ಅದೇ ಅಧ್ಯಾಯದಲ್ಲಿ, ಪ್ರತಿ ಇಲಾಖೆಗೂ ಒಬ್ಬನಲ್ಲ, ಹಲವು ಮುಖ್ಯರಿರಬೇಕು ಮತ್ತು ಅವರು ಖಾಯಂ ಆಗಿರಬಾರದು ಎಂದು ಅವನು ಹೇಳುತ್ತಾನೆ. ಅವ್ಯವಹಾರದ ಸುಳಿವು ಕೊಟ್ಟು ಅದನ್ನು ರುಜುವಾತುಪಡಿಸಿದವನಿಗೆ ಆ ಮೊತ್ತದ ಆರನೆಯ ಒಂದು ಪಾಲು ಕೊಡಬೇಕು. ಅವನು ಸರ್ಕಾರದ ನೌಕರನೇ ಆಗಿದ್ದರೆ ಹನ್ನೆರಡನೆಯ ಒಂದು ಪಾಲು. ಸುಳಿವು ಕೊಟ್ಟವನು ಆರೋಪಿಯ ಆಮಿಷಕ್ಕೆ ಒಳಗಾಗಿ ಹಿಂದೆ ಸರಿದರೆ ಅವನಿಗೆ ಮರಣದಂಡನೆ. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ತಟ್ಟಿದ್ದು ಇನ್ನೊಂದು ವಿಧಿ: ಅಧಿಕಾರಿಯೊಬ್ಬನ ಮೇಲೆ ಆರೋಪ ಬಂದಾಗ, ಅವನು ಕೆಲಸ ಮಾಡಿದ ಪ್ರದೇಶದಲ್ಲಿ ಡಂಗುರ ಹೊಡೆಸಬೇಕು, ಇವನಿಂದ ತೊಂದರೆಗೊಳಗಾದವರು ಬಂದು ತಿಳಿಸಿರಿ ಎಂದು ಸಾರಬೇಕು ಮತ್ತು ಬಂದು ಹೇಳಿಕೊಂಡವರಿಗೆ ಅವರಿಗಾದ ನಷ್ಟಕ್ಕೆ ತಕ್ಕ ಪರಿಹಾರ ಕೊಡಬೇಕು.

ಹಾಗೆಂದು ಅರ್ಥಶಾಸ್ತ್ರವನ್ನು ತಲೆಯ ಮೇಲೆ ಹೊತ್ತುಕೊಳ್ಳುವ ಅಗತ್ಯವಿಲ್ಲ. ಅದರಲ್ಲಿ ವರ್ಣಕ್ಕೊಂದು ಶಿಕ್ಷೆಯಿದೆ, ಚಿತ್ರಹಿಂಸೆಯ ವಿವರಗಳಿವೆ, ಮನೆಮನೆಗೆ ಗೂಢಚಾರರಿದ್ದಾರೆ. ಬೊಕ್ಕಸ ಬರಿದಾದಾಗ ಜನರ ದೈವಭಕ್ತಿಯನ್ನು ಬಳಸಿಕೊಂಡು ಹಣ ಸೇರಿಸುವ ಕಪಟೋಪಾಯಗಳನ್ನೂ ಅದು ಹೇಳಿಕೊಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಎಲ್ಲರೂ ಲೆಕ್ಕ ಕೊಡುವುದು ರಾಜನಿಗೆ. ರಾಜ ಲೆಕ್ಕ ಕೊಡುವುದು ಯಾರಿಗೆ ಎಂಬ ಪ್ರಶ್ನೆಗೆ ಆ ಗ್ರಂಥದಲ್ಲಿ ಕಚೇರಿಯಿಲ್ಲ, ಪುಸ್ತಕವಿಲ್ಲ, ದಿನಾಂಕವಿಲ್ಲ.

ಆ ಪ್ರಶ್ನೆಗೆ ಇನ್ನೊಂದು ಕಡೆಯಿಂದ ಬಂದ ಉತ್ತರವನ್ನು ಹೇಳುವ ಗ್ರಂಥವೂ ಕಳೆದುಹೋಗಿ ಸಿಕ್ಕಿದ್ದೇ. ಅಥೆನ್ಸಿನ ಆಡಳಿತ ವ್ಯವಸ್ಥೆಯನ್ನು ವಿವರಿಸುವ, ಅರಿಸ್ಟಾಟಲನದೋ ಅವನ ಶಿಷ್ಯರದೋ ಆದ ಕೃತಿಯೊಂದು ಈಜಿಪ್ಟಿನ ಪಪೈರಸ್ ಸುರುಳಿಗಳಲ್ಲಿ ದೊರೆತು 1891ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮೈಸೂರಿನ ಓರಿಯೆಂಟಲ್ ಲೈಬ್ರರಿ ಸ್ಥಾಪನೆಯಾದದ್ದೂ ಅದೇ ವರ್ಷ. ಆ ಪಪೈರಸ್ಸಿನ ಮುಂಬದಿಯಲ್ಲಿದ್ದದ್ದು ಕ್ರಿಸ್ತಶಕ ಒಂದನೆಯ ಶತಮಾನದ ಈಜಿಪ್ಟಿನ ಜಮೀನೊಂದರ ಜಮಾ ಖರ್ಚಿನ ಲೆಕ್ಕ. ಆ ಲೆಕ್ಕ ಹಳತಾದ ಮೇಲೆ ಹಾಳೆಯ ಬೆನ್ನಿಗೆ ಯಾರೋ ಈ ಕೃತಿಯನ್ನು ನಕಲು ಮಾಡಿಕೊಂಡಿದ್ದರು. ಆಳುಗಳ ಕೂಲಿ ಬರೆದ ಹಾಳೆಯ ಹಿಂಬದಿಯಲ್ಲಿ ಒಂದು ಪ್ರಜಾಪ್ರಭುತ್ವದ ಲೆಕ್ಕ ಪರಿಶೋಧನೆಯ ವಿವರ ಉಳಿದುಬಂದಿತೆಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಅಥೆನ್ಸಿನಲ್ಲಿ ಅಧಿಕಾರಾವಧಿ ಮುಗಿದ ಪ್ರತಿಯೊಬ್ಬನೂ ಯೂಥುನಾ ಎಂಬ ವಿಚಾರಣೆಗೆ ಒಳಪಡಬೇಕಿತ್ತು. ಚೀಟಿ ಎತ್ತಿ ಆರಿಸಿದ ಹತ್ತು ಮಂದಿ ಲೆಕ್ಕಿಗರು ಹಣದ ಲೆಕ್ಕ ನೋಡಿ ಅವನನ್ನು ನ್ಯಾಯಾಲಯದ ಮುಂದೆ ನಿಲ್ಲಿಸುತ್ತಿದ್ದರು. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಆಮೇಲೆ ಮೂರು ದಿನ, ಸಂತೆಯ ಹೊತ್ತಿನಲ್ಲಿ, ಪ್ರತಿ ಪಂಗಡದ ಮೂಲಪುರುಷನ ಪ್ರತಿಮೆಯ ಬಳಿ ಪರಿಶೋಧಕನೊಬ್ಬ ಕುಳಿತಿರುತ್ತಿದ್ದ. ಯಾವ ಪೌರನಾದರೂ ಸುಣ್ಣ ಬಳಿದ ಹಲಗೆಯ ಮೇಲೆ ತನ್ನ ಹೆಸರು, ಅಧಿಕಾರಿಯ ಹೆಸರು, ಅವನು ಮಾಡಿದ ತಪ್ಪು, ಅದಕ್ಕೆ ತಕ್ಕದೆಂದು ತನಗೆ ತೋರಿದ ದಂಡ, ಇಷ್ಟನ್ನು ಬರೆದು ಅವನ ಕೈಗೆ ಕೊಡಬಹುದಾಗಿತ್ತು. ಲೆಕ್ಕ ಒಪ್ಪಿಸುವವರೆಗೆ ಅಧಿಕಾರಿ ನಾಡು ಬಿಟ್ಟು ಹೋಗುವಂತಿರಲಿಲ್ಲ, ಆಸ್ತಿಯನ್ನು ದೇವರಿಗೆ ಅರ್ಪಿಸುವಂತಿರಲಿಲ್ಲ, ಉಯಿಲು ಬರೆಯುವಂತಿರಲಿಲ್ಲ. ಸಾರ್ವಜನಿಕ ಹಣವನ್ನು ಮುಟ್ಟದವನೂ ತಾನು ನಗರದ ಹಣವನ್ನು ಪಡೆದಿಲ್ಲ, ಖರ್ಚು ಮಾಡಿಲ್ಲ ಎಂದು ಬರೆದುಕೊಡಬೇಕಾಗಿತ್ತು. ಶೂನ್ಯ ವರದಿಯನ್ನೂ ಸಲ್ಲಿಸಲೇಬೇಕೆಂದು ನಾವು ಕಚೇರಿಗಳಿಗೆ ಪತ್ರ ಬರೆಯುವಾಗ ನನಗೆ ಅಥೆನ್ಸಿನ ಆ ಒಂದು ಸಾಲು ನೆನಪಾಗುತ್ತಿತ್ತು.

ಈ ವ್ಯವಸ್ಥೆಯಲ್ಲಿ ದೇವಾಲಯಗಳ ಅರ್ಚಕರೂ ಅರ್ಚಕಿಯರೂ ಲೆಕ್ಕ ಕೊಡಬೇಕಾಗಿತ್ತು. ಆದರೆ ಹಲಗೆಯ ಮೇಲೆ ದೂರು ಬರೆದು ಕೊಡುವ ಹಕ್ಕಿದ್ದದ್ದು ಪೌರರಾದ ಗಂಡಸರಿಗೆ. ಹೆಂಗಸರಿಗೆ, ಗುಲಾಮರಿಗೆ, ಬೇರೆ ಊರಿನಿಂದ ಬಂದು ನೆಲೆಸಿದವರಿಗೆ ಆ ಹಕ್ಕು ಇರಲಿಲ್ಲ. ಲೆಕ್ಕ ಕೊಡುವಾಗ ಹೆಣ್ಣು ಬೇಕು, ಕೇಳುವಾಗ ಬೇಡ. ಪ್ರಾಚೀನ ಪ್ರಜಾಪ್ರಭುತ್ವದ ಬಗ್ಗೆ ಮಾತನಾಡುವಾಗ ಈ ಮಾತನ್ನು ಮರೆತರೆ ನಾವು ನಮ್ಮ ಅಜ್ಜಿಯರಿಗೆ ಅನ್ಯಾಯ ಮಾಡಿದಂತೆ.

ಇಲ್ಲಿ ನನ್ನ ಕೆಲಸದ ಒಂದು ಘಟನೆಯನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ ಉದ್ಯೋಗ ಖಾತರಿ ಯೋಜನೆಯ ಸಾಮಾಜಿಕ ಪರಿಶೋಧನೆಯ ಗ್ರಾಮಸಭೆ ನಡೆಯಿತು. 2005ರ ಉದ್ಯೋಗ ಖಾತರಿ ಕಾಯ್ದೆಯ 17ನೆಯ ಕಲಂ, ಪಂಚಾಯಿತಿ ವ್ಯಾಪ್ತಿಯ ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಯೇ ನಡೆಸಬೇಕೆಂದು ವಿಧಿಸಿತ್ತು. ನಾನು ಅಲ್ಲಿಗೆ ಹೋದದ್ದು ಕೇವಲ ನೋಡುವುದಕ್ಕೆ. ಹಳ್ಳದ ಹೂಳೆತ್ತುವ ಕಾಮಗಾರಿಯೊಂದರ ಕಡತ ಅಲ್ಲಿತ್ತು, ಅದೇ ಕಡತವನ್ನು ಹಿಂದಿನ ವರ್ಷ ನಾನೇ ಪರಿಶೀಲಿಸಿದ್ದೆ. ಹಾಜರಾತಿ ಪಟ್ಟಿ ಇತ್ತು, ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಆಳ ನಮೂದಾಗಿದ್ದವು, ಗುಣಾಕಾರ ಸರಿಯಿತ್ತು, ಕೂಲಿ ಪಾವತಿಯ ಮೊತ್ತ ಒಂದು ರೂಪಾಯಿಯೂ ವ್ಯತ್ಯಾಸವಿಲ್ಲದೆ ತಾಳೆಯಾಗಿತ್ತು. ಆಕ್ಷೇಪಣೆ ಇಲ್ಲ ಎಂದು ನಾನು ಸಹಿ ಮಾಡಿದ್ದೆ.

ಸಭೆಯಲ್ಲಿ ಆ ಅಳತೆಯನ್ನು ಓದಿ ಹೇಳಿದಾಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹೆಂಗಸೊಬ್ಬರು ಎದ್ದು ನಿಂತರು. "ಹುಣಸಿ ಗಿಡದ ಮಟಾ ಅಷ್ಟ ಅಗದೀವ್ರಿ ಅಕ್ಕಾರ. ಅದರ ಮುಂದ ಯಾರೂ ಗುದ್ಲಿ ಹಾಕಿಲ್ಲ." ಪಕ್ಕದಲ್ಲಿದ್ದವರು ಹೌದೆಂದರು. ಎಲ್ಲರೂ ಎದ್ದು ಹಳ್ಳಕ್ಕೆ ನಡೆದೆವು. ಹುಣಸೆ ಮರದವರೆಗೆ ಹಳ್ಳದ ದಡ ಕಡಿದಂತೆ ನೆಟ್ಟಗಿತ್ತು, ಅದರಾಚೆ ಜಾಲಿಯ ಬೇರುಗಳು ಹಳೆಯ ಹೂಳಿನಲ್ಲಿಯೇ ಹೂತುಕೊಂಡಿದ್ದವು. ಟೇಪು ಹಿಡಿದು ಅಳೆದಾಗ ಪುಸ್ತಕದಲ್ಲಿದ್ದ ಉದ್ದದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಸಿಕ್ಕಿತು. ನನ್ನ ಮುಂದೆ ಬಂದಿದ್ದ ಕಾಗದಗಳಲ್ಲಿ ಒಂದು ತಪ್ಪೂ ಇರಲಿಲ್ಲ. ಅವುಗಳನ್ನು ಬರೆದವರೆಲ್ಲ ಮೊದಲೇ ಮಾತನಾಡಿಕೊಂಡಿದ್ದರು.

ಅರಿಸ್ಟಾಟಲ್ ತನ್ನ ರಾಜನೀತಿಯ ಮೂರನೆಯ ಭಾಗದಲ್ಲಿ ಒಂದು ಆಕ್ಷೇಪವನ್ನು ಎತ್ತಿಕೊಳ್ಳುತ್ತಾನೆ. ವೈದ್ಯನ ಕೆಲಸವನ್ನು ವೈದ್ಯನೇ ತೂಗಿ ನೋಡಬೇಕಲ್ಲವೇ, ಹಾಗಿದ್ದರೆ ಆಡಳಿತಗಾರರ ಲೆಕ್ಕವನ್ನು ಸಾಮಾನ್ಯ ಜನ ಕೇಳುವುದು ಹೇಗೆ ಸರಿ? ಅವನ ಉತ್ತರ ನೇರವಾದದ್ದು. ಕೆಲವು ಕೆಲಸಗಳನ್ನು ಮಾಡಿದವನಿಗಿಂತ ಬಳಸಿದವನೇ ಚೆನ್ನಾಗಿ ಬಲ್ಲ. ಮನೆ ಹೇಗಿದೆ ಎಂದು ಕಟ್ಟಿದವನಿಗಿಂತ ವಾಸಿಸುವವನು ಚೆನ್ನಾಗಿ ಹೇಳುತ್ತಾನೆ. ಅಡುಗೆಯ ರುಚಿಯನ್ನು ಹೇಳಬೇಕಾದವನು ಬಾಣಸಿಗನಲ್ಲ, ಉಂಡವನು. ಈ ವಾಕ್ಯವನ್ನು ನಾನು ಕಾಲೇಜಿನಲ್ಲಿ ಪರೀಕ್ಷೆಗಾಗಿ ಓದಿದ್ದೆ. ಅದರ ಅರ್ಥವಾದದ್ದು ಹಳ್ಳದ ದಡದಲ್ಲಿ. ಅದೇ ಗ್ರಂಥದ ಐದನೆಯ ಭಾಗದಲ್ಲಿ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ: ಅಧಿಕಾರ ಸ್ಥಾನದಿಂದ ಯಾರೂ ಲಾಭ ಮಾಡಿಕೊಳ್ಳದಂತೆ ಕಾನೂನು ಇರಬೇಕು, ಸಾರ್ವಜನಿಕ ಹಣದ ಹಸ್ತಾಂತರ ಎಲ್ಲ ಪೌರರ ಎದುರಿನಲ್ಲಿ ನಡೆಯಬೇಕು ಮತ್ತು ಲೆಕ್ಕದ ಪ್ರತಿಗಳನ್ನು ಪೌರರ ಪ್ರತಿ ಕುಲಕ್ಕೂ ಪಡೆಗೂ ಪಂಗಡಕ್ಕೂ ತಲುಪಿಸಬೇಕು. ನಮ್ಮಲ್ಲಿ ಕೂಲಿ ಪಟ್ಟಿಯನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸಬೇಕೆಂದು, ಬಿಲ್ಲಿನ ಪ್ರತಿಯನ್ನು ಕೇಳಿದವರಿಗೆ ಕೊಡಬೇಕೆಂದು ಜನ 1990ರ ದಶಕದಲ್ಲಿ ರಾಜಸ್ಥಾನದಲ್ಲಿ ಧರಣಿ ಕೂತು, ಜನಸುನವಾಯಿಗಳನ್ನು, ಎಂದರೆ ಸಾರ್ವಜನಿಕ ಅಹವಾಲು ಸಭೆಗಳನ್ನು ನಡೆಸಿ ಹೋರಾಡಬೇಕಾಯಿತು. ಆ ಹೋರಾಟ ಬೆಳೆದು 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿಯಾಯಿತು. ಆ ಕೂಲಿಕಾರರು ಅರಿಸ್ಟಾಟಲನನ್ನು ಓದಿ ಕೇಳಿದವರಲ್ಲ. ದುಡಿದವರ ಅನುಭವವೂ ತತ್ತ್ವಜ್ಞಾನಿಯ ವಿಚಾರವೂ ಒಂದೇ ಜಾಗಕ್ಕೆ ಬಂದು ಮುಟ್ಟಿದವು ಎಂಬುದೇ ಆ ವಿಚಾರ ಗಟ್ಟಿಯಾದದ್ದು ಎನ್ನುವುದಕ್ಕೆ ನನಗೆ ಸಾಕ್ಷಿ.

ಪ್ಲೇಟೋ ಜನರ ಆಳ್ವಿಕೆಯನ್ನು ನಂಬಿದವನಲ್ಲ. ಆದರೂ ತನ್ನ ಮುಪ್ಪಿನಲ್ಲಿ ಕಾನೂನುಗಳ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಅಧಿಕಾರಿಗಳ ಲೆಕ್ಕ ನೋಡುವ ಪರಿಶೋಧಕರಿಗೆ ನಗರದಲ್ಲಿಯೇ ಅತ್ಯುನ್ನತ ಗೌರವವನ್ನು ಕೊಡುತ್ತಾನೆ, ಅವರು ದಾರಿ ತಪ್ಪಿದರೆ ಅವರ ಮೇಲೂ ಮೊಕದ್ದಮೆ ಹೂಡುವ ಅವಕಾಶವಿಡುತ್ತಾನೆ. ಇದಕ್ಕಿಂತ ಆಳವಾದ ಸಂಗತಿ ಅವನ ಗುರು ಸಾಕ್ರೆಟಿಸನಲ್ಲಿದೆ. ಗ್ರೀಕರಲ್ಲಿ ಲೋಗೊಸ್ ಎಂಬ ಒಂದೇ ಪದಕ್ಕೆ ಹಣದ ಲೆಕ್ಕ, ಮಾತು, ಕಾರಣ ಎಂಬ ಅರ್ಥಗಳೆಲ್ಲ ಇವೆ. ಅಧಿಕಾರಿ ಪೌರರ ಮುಂದೆ ಕೊಡುವುದೂ ಲೋಗೊಸ್, ಸಾಕ್ರೆಟಿಸ್ ಸಂತೆಯಲ್ಲಿ ಎದುರಾದವರನ್ನು ಕೇಳುತ್ತಿದ್ದದ್ದೂ ಲೋಗೊಸ್. ಅವನೊಡನೆ ಯಾವ ವಿಷಯದ ಮೇಲೆ ಮಾತಿಗಿಳಿದರೂ ಕೊನೆಗೆ ತಾನು ಹೇಗೆ ಬದುಕುತ್ತಿದ್ದೇನೆ ಎಂಬುದರ ಲೆಕ್ಕ ಕೊಡದೆ ಬಿಡುಗಡೆಯಿಲ್ಲ ಎಂದು ಪ್ಲೇಟೋವಿನ ಸಂವಾದವೊಂದರಲ್ಲಿ ಸೇನಾನಿ ನಿಕಿಯಸ್ ಹೇಳುತ್ತಾನೆ. ಕ್ರಿಸ್ತಪೂರ್ವ 399ರಲ್ಲಿ ಮರಣದಂಡನೆಯ ತೀರ್ಪು ಬಂದ ಮೇಲೆ ಸಾಕ್ರೆಟಿಸ್ ತನ್ನನ್ನು ಶಿಕ್ಷಿಸಿದವರಿಗೆ ಹೇಳುವ ಮಾತಿನ ಸಾರವೂ ಇದೇ: ಬದುಕಿನ ಲೆಕ್ಕ ಕೊಡುವುದರಿಂದ ಪಾರಾಗಲು ನೀವು ನನ್ನನ್ನು ಕೊಲ್ಲುತ್ತಿದ್ದೀರಿ, ಆದರೆ ಪಾರಾಗಲಾರಿರಿ. ಕಚೇರಿಯ ಲೆಕ್ಕವನ್ನು ಆತ ಬದುಕಿನ ಲೆಕ್ಕಕ್ಕೆ ಹಿಗ್ಗಿಸಿದ. ಸಾರ್ವಜನಿಕ ಹಣಕ್ಕೆ ಉತ್ತರ ಹೇಳುವ ರೂಢಿ ಇದ್ದ ಊರಿನಲ್ಲಿಯೇ ನಂಬಿಕೆಗಳಿಗೂ ಉತ್ತರ ಹೇಳಬೇಕೆಂಬ ತತ್ತ್ವಶಾಸ್ತ್ರ ಬೇರುಬಿಟ್ಟದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ನಮ್ಮ ಭಾಷೆಯ ಉತ್ತರದಾಯಿತ್ವ ಎಂಬ ಪದದಲ್ಲಿಯೂ ಇರುವುದು ಉತ್ತರ ಕೊಡುವವನೇ.

ರಾಜನೊಬ್ಬ ತನ್ನ ಅಧಿಕಾರಿಗಳಿಗೆ ಕೊಟ್ಟ ಆದೇಶವನ್ನು ಜನರ ಕಿವಿಗೆ ತಾನಾಗಿ ತಲುಪಿಸಿದ ಉದಾಹರಣೆ ನಮ್ಮ ನೆಲದಲ್ಲಿಯೇ ಇದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ಕಾಳಿಯ ವಿಗ್ರಹದ ಪೀಠವಾಗಿದ್ದ ಚಪ್ಪಡಿಯೊಂದರ ಮೇಲೆ ಅಶೋಕನ ಶಾಸನಗಳಿರುವುದು 1980ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂತು. ವಿಗ್ರಹವನ್ನು ನಿಲ್ಲಿಸಲು ಚಪ್ಪಡಿಯಲ್ಲಿ ಕೊರೆದ ತೂತಿನಲ್ಲಿ ಕೆಲವು ಅಕ್ಷರಗಳು ಹೋಗಿಬಿಟ್ಟಿವೆ. ಒಡಿಶಾದ ಧೌಳಿ ಮತ್ತು ಜೌಗಡಗಳಲ್ಲಿ ಮಾತ್ರ ಇವೆಯೆಂದು ಅಲ್ಲಿಯವರೆಗೆ ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳು ಇಲ್ಲಿಯೂ ಇದ್ದವು. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂಬ ಹೆಸರಾಂತ ಮಾತು ಇರುವುದು ಅವುಗಳಲ್ಲಿಯೇ. ಆದರೆ ಆ ಶಾಸನದ ಮುಖ್ಯ ವಿಷಯ ಅಧಿಕಾರಿಗಳಿಗೆ ಕೊಟ್ಟ ಎಚ್ಚರಿಕೆ. ಕಾರಣವಿಲ್ಲದೆ ಜನ ಸೆರೆಮನೆ ಸೇರುತ್ತಿದ್ದಾರೆ, ಹಾಗಾಗಬಾರದು. ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನ, ದಣಿವು ಇವು ನಿಮ್ಮಲ್ಲಿದ್ದರೆ ನ್ಯಾಯ ನಡೆಯದು. ದಣಿವನ್ನೂ ಪಟ್ಟಿಗೆ ಸೇರಿಸಿದ ಆ ರಾಜನ ಮೇಲೆ ನನಗೆ ವಿಶೇಷ ಗೌರವ, ಏಕೆಂದರೆ ಸಂಜೆ ಐದರ ನಂತರ ತೆರೆದ ಕಡತಕ್ಕೆ ಎಂಥ ನ್ಯಾಯ ಸಿಗುತ್ತದೆಂದು ಬಲ್ಲೆ. ಈ ಕೆಲಸ ನಡೆಯುತ್ತಿದೆಯೇ ಎಂದು ನೋಡಲು ಐದು ವರ್ಷಕ್ಕೊಮ್ಮೆ ಒಬ್ಬ ಅಧಿಕಾರಿಯನ್ನು ಪ್ರವಾಸಕ್ಕೆ ಕಳುಹಿಸುತ್ತೇನೆ ಎಂದೂ ಅದರಲ್ಲಿದೆ. ಮತ್ತು ಈ ಶಾಸನವನ್ನು ತಿಷ್ಯ ನಕ್ಷತ್ರದ ದಿನಗಳಂದು, ನಾವು ಪುಷ್ಯವೆನ್ನುವ ನಕ್ಷತ್ರದ ದಿನಗಳಂದು, ಓದಿ ಕೇಳಿಸಬೇಕು; ನಡುವಿನ ದಿನಗಳಲ್ಲಿಯೂ ಓದಬಹುದು; ಕೇಳಲು ಒಬ್ಬನೇ ಇದ್ದರೂ ಓದಬೇಕು.

ಅಧಿಕಾರಿಗೆ ಕೊಟ್ಟ ಆದೇಶ ಆ ಅಧಿಕಾರಿಯ ಕೈಕೆಳಗಿರುವ ಜನರಿಗೂ ತಿಳಿದಿದ್ದರೆ, ಅವನು ತಪ್ಪಿದಾಗ ಅದು ಕಾಣಿಸುವುದು ಜನರಿಗೇ ಮೊದಲು. ಗ್ರಾಮಸಭೆಯಲ್ಲಿ ಅಳತೆಯನ್ನು ಗಟ್ಟಿಯಾಗಿ ಓದದೆ ಇದ್ದಿದ್ದರೆ ಹುಣಸೆ ಮರದ ಮಾತು ಬರುತ್ತಲೇ ಇರಲಿಲ್ಲ.

ಆ ದಿನ ಹಳ್ಳದಿಂದ ಹಿಂತಿರುಗಿ ನಡಾವಳಿ ಬರೆದು, ವಸೂಲಿಗೆ ಶಿಫಾರಸು ಮಾಡಿ, ಬಂದವರ ಸಹಿ ಹೆಬ್ಬೆಟ್ಟುಗಳನ್ನು ಪಡೆಯುವ ಹೊತ್ತಿಗೆ ಸಂಜೆಯಾಗಿತ್ತು. ಶಾಲೆಯ ಅಂಗಳದಲ್ಲಿ ಹಾಸಿದ್ದ ಜಮಖಾನೆಯನ್ನು ಸುತ್ತುತ್ತಿದ್ದರು. ಆಗ ಹೊಲದಿಂದ ನೇರವಾಗಿ ಬಂದಿದ್ದ ಹಿರಿಯರೊಬ್ಬರು, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ, "ನನ್ನ ಹೆಸರೂ ಐತೇನ್ರಿ ಅದರಾಗ?" ಎಂದು ಕೇಳಿದರು. ಸಭೆ ನಡೆಸಿದ ಹುಡುಗಿ ಚೀಲದಲ್ಲಿ ಹಾಕಿಟ್ಟಿದ್ದ ಕಡತವನ್ನು ಮತ್ತೆ ಹೊರತೆಗೆದಳು. ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕುಳಿತು, ಬೆಳಕು ಸಾಲದೆ ಮೊಬೈಲಿನ ಟಾರ್ಚು ಹಿಡಿದು, ಮೊದಲ ಹೆಸರಿನಿಂದ ಓದಲಾರಂಭಿಸಿದಳು.